ಕ್ರಿಸ್‌ಮಸ್ ಪ್ರೇಮ ಕಾದಂಬರಿಯನ್ನು ನಾನು ಓದುವ ಬಗೆ

ಕ್ರಿಸ್‌ಮಸ್ ಹಿನ್ನೆಲೆಯ ಪ್ರೇಮ ಕಾದಂಬರಿ ಹಿಡಿದಾಗ ನಾನು ಮೊದಲು ಗಮನಿಸುವುದು ತಾರೀಖನ್ನು. ಕೊನೆಗೆ ಇಬ್ಬರೂ ಒಂದಾಗುತ್ತಾರೆಂದು ಎಲ್ಲರಿಗೂ ಮೊದಲೇ ಗೊತ್ತು. ಈ ಸಾಹಿತ್ಯ ಪ್ರಕಾರ ಓದುಗರಿಗೆ ಕೊಟ್ಟ ಮಾತೇ ಅದು. ಕುತೂಹಲವೆಲ್ಲ ಡಿಸೆಂಬರ್ 24ರ ರಾತ್ರಿಯೊಳಗೆ ಅದು ಹೇಗಾಗುತ್ತದೆ ಎಂಬುದರಲ್ಲಿದೆ. ಉದ್ದನೆಯ ಕಾಗದದ ಪಟ್ಟಿಯೊಂದನ್ನು ಬುಕ್‌ಮಾರ್ಕ್ ಮಾಡಿಕೊಂಡು, ಕಥೆಯಲ್ಲಿ ದಿನ ಬದಲಾದಾಗಲೆಲ್ಲ ತಾರೀಖು, ಪುಟಸಂಖ್ಯೆ ಬರೆದಿಡುತ್ತೇನೆ. ಮೊದಲ ಹತ್ತು ದಿನ ಐವತ್ತು ಪುಟದಲ್ಲಿ ಮುಗಿದು, 23 ಮತ್ತು 24ಕ್ಕೇ ಅರವತ್ತು ಪುಟ ಹೋಗಿದ್ದರೆ ಲೇಖಕರು ಎಲ್ಲಿ ನಿಂತು ಬರೆದಿದ್ದಾರೆ ಎಂಬುದು ಆ ಪಟ್ಟಿಯಲ್ಲೇ ಕಾಣುತ್ತದೆ.

ಆರಿಸುವಾಗ ನೋಡುವುದೂ ಈ ದಿನಗಳ ಲೆಕ್ಕವನ್ನೇ. ಡಿಸೆಂಬರ್ ಒಂದರಿಂದ 24ರೊಳಗೆ ಅಪರಿಚಿತರಿಬ್ಬರು ಮದುವೆಯ ಮಾತಿಗೆ ಬರುವುದು ಕಷ್ಟ. ಹಳೇ ಪ್ರೇಮಿಗಳು ವರ್ಷಗಳ ನಂತರ ಊರಿಗೆ ಮರಳಿ ಎದುರಾಗುವ ಕಥೆಗೆ ಆ ತೊಂದರೆ ಇಲ್ಲ, ಅರ್ಧ ಪರಿಚಯ ಮೊದಲೇ ಆಗಿರುತ್ತದೆ. ಮನೆಯವರೆದುರು ಜೋಡಿಯೆಂದು ನಟಿಸುವ ಕಥೆಯೂ ನಿಲ್ಲುತ್ತದೆ, ಏಕೆಂದರೆ ನಟನೆ ಅವರನ್ನು ದಿನವಿಡೀ ಜೊತೆಗಿಡುತ್ತದೆ. ಪೂರಾ ಅಪರಿಚಿತರಾದರೆ ಹಿಮ ಬಿದ್ದು ರಸ್ತೆ ಮುಚ್ಚಿ ಒಂದೇ ಸೂರಿನಡಿ ಸಿಕ್ಕಿಕೊಳ್ಳಬೇಕು. ಆಗಲೂ ಮೂರನೇ ದಿನಕ್ಕೇ 'ಪ್ರೀತಿಸುತ್ತೇನೆ' ಅಂದರೆ ನನಗೆ ನಂಬಿಕೆ ಹುಟ್ಟುವುದಿಲ್ಲ. ಅಣ್ಣತಮ್ಮಂದಿರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಸ್ತಕವಿರುವ ಸರಣಿಯಾದರೆ ಮೊದಲ ಭಾಗದಿಂದಲೇ ಶುರುಮಾಡಿ. ಮೂರನೆಯದರ ಹಬ್ಬದೂಟದಲ್ಲಿ ಮೊದಲೆರಡರ ಜೋಡಿಗಳು ಮಗುವಿನ ಸಮೇತ ಕೂತಿರುತ್ತಾರೆ.

ಮುನ್ನೂರು ಪುಟವೆಂದರೆ ಸುಮಾರು 84,000 ಪದ. ನಿಮಿಷಕ್ಕೆ 200 ಪದದಂತೆ ಏಳು ಗಂಟೆ. ಇದನ್ನು 90, 120, 90 ಪುಟಗಳ ಮೂರು ಬಾರಿಯ ಓದಾಗಿ ಒಡೆಯುತ್ತೇನೆ. ಕೊನೆಯ ತೊಂಬತ್ತನ್ನು ಮಾತ್ರ ಮಧ್ಯೆ ನಿಲ್ಲಿಸಬಾರದು. ಮುಕ್ಕಾಲು ಭಾಗ ದಾಟುವ ಹೊತ್ತಿಗೆ, ಅಂದರೆ 225ರಿಂದ 240ನೇ ಪುಟದ ಆಸುಪಾಸು, ಸಾಮಾನ್ಯವಾಗಿ ಇಬ್ಬರೂ ಮುನಿದು ದೂರವಾಗುತ್ತಾರೆ. ಪ್ರೇಮ ಕಾದಂಬರಿಯ ರಚನೆ ಕುರಿತು 2003ರಲ್ಲಿ ಪುಸ್ತಕ ಬರೆದ ಪಮೇಲಾ ರೀಜಿಸ್ ಈ ಘಟ್ಟವನ್ನು ಸಾಂಕೇತಿಕ ಸಾವು ಎಂದೇ ಕರೆದಿದ್ದಾರೆ. ಅಲ್ಲಿ ಪುಸ್ತಕ ಮುಚ್ಚಿಟ್ಟು ಮಲಗಿದರೆ ನಾಯಕನ ಮೇಲಿನ ಸಿಟ್ಟು ರಾತ್ರಿಯೆಲ್ಲ ಗಟ್ಟಿಯಾಗಿ, ಮರುದಿನ ಅವನು ಕೇಳುವ ಕ್ಷಮೆ ಸಪ್ಪೆಯಾಗುತ್ತದೆ.

ಆ ಮುನಿಸಿನ ಕಾರಣವನ್ನೇ ನಾನು ಹೆಚ್ಚು ತೂಗಿ ನೋಡುವುದು. ಅರ್ಧ ಕೇಳಿಸಿಕೊಂಡ ಫೋನ್ ಮಾತಿಗೆ ಮುರಿದು ಬೀಳುವ ಸಂಬಂಧ ಎರಡು ನಿಮಿಷದ ವಿವರಣೆಗೆ ಸರಿಹೋಗುತ್ತದೆ, ಓದಿದವರಿಗೆ ಏನೂ ದಕ್ಕುವುದಿಲ್ಲ. ಮುಚ್ಚಿಹೋಗಲಿರುವ ಬೇಕರಿಯನ್ನು ಎಲ್ಲಿಂದಲೋ ಬಂದ ದುಡ್ಡು ಉಳಿಸಿಬಿಟ್ಟರೂ ಹಾಗೇ. ಅಡ್ಡಿ ಒಳಗಿನದಾಗಿರಬೇಕು: ಹಬ್ಬವೆಂದರೆ ತೀರಿಹೋದವರ ನೆನಪು ಎಂಬಂಥದ್ದು.

ಅದರ ಸುಳಿವು ಸಣ್ಣ ವಸ್ತುಗಳಲ್ಲಿ ಸಿಗುತ್ತದೆ. ಅಟ್ಟದಿಂದ ಅಲಂಕಾರದ ಪೆಟ್ಟಿಗೆ ಇಳಿಸುವ ದೃಶ್ಯ ಇಂಥ ಕಥೆಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಅವಳು ಹಳೇ ಪತ್ರಿಕೆ ಸುತ್ತಿಟ್ಟ ಗಾಜಿನ ಗುಂಡೊಂದನ್ನು ಬಿಡಿಸುತ್ತಾಳೆ, ಮರಕ್ಕೆ ತೂಗುಹಾಕದೆ ಮತ್ತೆ ಸುತ್ತಿಡುತ್ತಾಳೆ ಎಂದುಕೊಳ್ಳಿ. ಅವನು ಏನೂ ಕೇಳದೆ, ಅದಕ್ಕೆಂದೇ ಒಂದು ಕೊಂಬೆಯನ್ನು ಖಾಲಿ ಬಿಟ್ಟು ಉಳಿದೆಡೆ ದೀಪದ ಸರ ಸುತ್ತುತ್ತಾನೆ. ಮುತ್ತಿಗಿಂತ ದೊಡ್ಡ ದೃಶ್ಯ ಇದು. ಬೇಗ ಓದುವವರು ಹಬ್ಬದ ವರ್ಣನೆಯೆಂದು ಹಾರಿಸುವುದು ಇಂಥ ಸಾಲುಗಳನ್ನೇ, ಆಮೇಲೆ ಅವರಿಗೆ ಇಬ್ಬರೂ ಒಲಿದದ್ದು ದಿಢೀರನೆ ಅನ್ನಿಸುತ್ತದೆ. ನಾನು ಪಟ್ಟಿಯಲ್ಲಿ ಪುಟಸಂಖ್ಯೆಯ ಪಕ್ಕ 'ಗಾಜಿನ ಗುಂಡು' ಎಂದಷ್ಟೇ ಬರೆಯುತ್ತೇನೆ.

ಕೊನೆಯ ಅಧ್ಯಾಯಕ್ಕೆ ಪುಸ್ತಕ ಮುಚ್ಚಬೇಡಿ. ಹೆಚ್ಚಿನವುಗಳಲ್ಲಿ ನಾಲ್ಕಾರು ಪುಟದ ಉಪಸಂಹಾರ ಇರುತ್ತದೆ, ಹಲವು ಸಲ ಮರುವರ್ಷದ ಡಿಸೆಂಬರಿನಲ್ಲಿ. ಇಪ್ಪತ್ನಾಲ್ಕು ದಿನದ ಆತುರಕ್ಕೆ ಲೇಖಕರು ಒಂದು ವರ್ಷ ಸೇರಿಸುವುದು ಅಲ್ಲಿಯೇ. ಪಟ್ಟಿ ತೆಗೆದು ನೋಡಿ, ಆ ಗಾಜಿನ ಗುಂಡು ಈ ಸಲ ಮರದ ಮೇಲಿದೆಯೇ ಎಂದು.