ನೆಲದಲ್ಲಿ ಬೇಡ, ಕುಂಡದಲ್ಲಿ: ಮೈಸೂರಿನಲ್ಲಿ ಬಲೂನ್ ಹೂ ಬೆಳೆಸುವುದು ಹೀಗೆ

ಬಲೂನ್ ಹೂವಿನ ಚೆಂದ ಇರುವುದು ಅರಳುವುದಕ್ಕೆ ಮುಂಚೆ. ಐದು ಎಸಳೂ ಅಂಚಿನಲ್ಲಿ ಅಂಟಿಕೊಂಡು ಮೊಗ್ಗು ದಿನದಿನಕ್ಕೆ ಊದುತ್ತದೆ. ಆಮೇಲೆ ಅಂಚು ಬಿಚ್ಚಿ ಐದು ಮೂಲೆಯ ನಕ್ಷತ್ರವಾಗುತ್ತದೆ. ನೀಲಿ-ನೇರಳೆ ಬಣ್ಣವೇ ಜಾಸ್ತಿ, ಬಿಳಿ ಮತ್ತು ತಿಳಿ ಗುಲಾಬಿಯೂ ಉಂಟು. ನೀರುಕಾಯಿ ಮರದ ಮೊಗ್ಗು ಹಿಸುಕಿ ಬೆಳೆದ ಮೈಸೂರಿನವರಿಗೆ ಇದನ್ನೂ ಒತ್ತಬೇಕು ಅನ್ನಿಸದೆ ಇರದು. ಇದರೊಳಗೆ ನೀರಿಲ್ಲ, ಬರೀ ಗಾಳಿ. ಒತ್ತಿದರೆ ಹೂವು ಹಾಳು, ಮಕ್ಕಳಿಗೆ ಮೊದಲೇ ಹೇಳಿಡಿ.

ಇದರ ತವರು ಚೀನಾ, ಕೊರಿಯಾ, ಜಪಾನ್ ಮತ್ತು ರಷ್ಯಾದ ಪೂರ್ವ ತುದಿ. ಅಲ್ಲಿ ಚಳಿಗಾಲಕ್ಕೆ ಗಿಡ ಪೂರ್ತಿ ಒಣಗುತ್ತದೆ. ಮೂಲಂಗಿಯಂತೆ ಕೆಳಕ್ಕಿಳಿದ ದಪ್ಪ ಬೇರು ಮಾತ್ರ ಮಣ್ಣಿನೊಳಗೆ ಮಲಗಿದ್ದು, ವಸಂತದಲ್ಲಿ ತಡವಾಗಿ ಚಿಗುರುತ್ತದೆ. ಹೀಗೆ ಎಷ್ಟೋ ವರ್ಷ ಬಾಳುತ್ತದೆ. ನಮ್ಮಲ್ಲಿ ಜನವರಿಯ ರಾತ್ರಿಯೂ ಸುಮಾರು 16 ಡಿಗ್ರಿ. ಆ ಗಾಢ ನಿದ್ದೆ ಇಲ್ಲಿ ಸಿಗುವುದಿಲ್ಲ. ಹಾಗಾಗಿ ಬೀಜದ ಪೊಟ್ಟಣದ ಮೇಲೆ ‘ಬಹುವಾರ್ಷಿಕ’ ಅಂತ ಇದ್ದರೆ ಅದನ್ನು ಅರ್ಧ ನಂಬಿ. ಬೇರನ್ನು ಕೊಳೆಯದಂತೆ ಕಾದರೆ ಮರುವರ್ಷ ಚಿಗುರಬಹುದು, ಗ್ಯಾರಂಟಿ ಇಲ್ಲ. ನೆಲಕ್ಕಿಂತ ಕುಂಡ ವಾಸಿ ಅನ್ನುವುದು ಇದಕ್ಕೇ. ಮಳೆ ಹಿಡಿದಾಗ ಎತ್ತಿ ಒಳಗಿಡಬಹುದು ಅಲ್ವಾ? ಮಂಡ್ಯದ ನಾಲೆ ಬಯಲಲ್ಲಿ, ಗದ್ದೆ ಪಕ್ಕದ ಸದಾ ತೇವದ ಮಣ್ಣಾದರಂತೂ ನೆಲದ ಮಾತೇ ಬೇಡ.

ಬೀಜ ಕೊಳ್ಳುವಾಗ

ನರ್ಸರಿಗಳಲ್ಲಿ ಸಸಿ ಸಿಗುವುದು ಅಪರೂಪ, ಬೀಜವೇ ಗತಿ. ಪೊಟ್ಟಣದ ಮೇಲೆ ‘ಪ್ಲಾಟಿಕೋಡಾನ್ ಗ್ರಾಂಡಿಫ್ಲೋರಸ್’ ಅಂತ ಇದೆಯಾ ನೋಡಿ. ಬಲೂನ್ ಬಳ್ಳಿ ಅಂತ ಮಾರುವುದು ಬೇರೆಯೇ ಗಿಡ. ಎತ್ತರದ ತಳಿಗಳು ಎರಡು ಅಡಿ ದಾಟುತ್ತವೆ, ಸಾಮಾನ್ಯವಾಗಿ ಹೂ ಬಿಡುವುದು ಎರಡನೇ ವರ್ಷಕ್ಕೆ. ನಮಗೆ ಅಷ್ಟು ಕಾಯುವ ಹಾಗಿಲ್ಲ. ‘ಆಸ್ಟ್ರಾ’, ‘ಸೆಂಟಿಮೆಂಟಲ್ ಬ್ಲೂ’ ತರಹದ ಗಿಡ್ಡ ತಳಿ ಆರಿಸಿಕೊಳ್ಳಿ. ಇವು ಬಿತ್ತಿದ ಮೊದಲ ವರ್ಷವೇ ಹೂ ಕೊಡುತ್ತವೆ.

ಬಿತ್ತುವುದು

ಕುಪ್ಪಣ್ಣ ಪಾರ್ಕಿನ ದಸರಾ ಫಲಪುಷ್ಪ ಪ್ರದರ್ಶನ ನೋಡಿ ಬಂದ ಹುರುಪಿನಲ್ಲಿ ಮರುದಿನವೇ ಬಿತ್ತಬೇಡಿ. ಅಕ್ಟೋಬರ್ ಮಳೆ ನಿಲ್ಲಲಿ. ನವೆಂಬರ್ ಸರಿಯಾದ ಕಾಲ. ಬೀಜವನ್ನು ಒದ್ದೆ ಟಿಶ್ಯೂ ಕಾಗದದಲ್ಲಿ ಸುತ್ತಿ, ಡಬ್ಬಿಗೆ ಹಾಕಿ, ಎರಡು-ಮೂರು ವಾರ ಫ್ರಿಜ್ಜಿನಲ್ಲಿಟ್ಟರೆ ಮೊಳಕೆ ಚೆನ್ನಾಗಿ ಬರುತ್ತದೆ. ಫ್ರೀಜರಿನಲ್ಲಲ್ಲ, ಕೆಳಗೆ.

ಕುಂಡ ಕನಿಷ್ಠ ಒಂದು ಅಡಿ ಆಳ ಇರಲಿ, ತಳದಲ್ಲಿ ತೂತು ದೊಡ್ಡದಿರಲಿ. ಕೆಂಪು ಮಣ್ಣು, ದಪ್ಪ ಮರಳು, ಎರೆಗೊಬ್ಬರ ಸಮ ಪಾಲು ಸಾಕು. ನೀರು ಹಾಕಿದರೆ ಮೇಲೆ ನಿಲ್ಲದೆ ಸರಸರ ಇಳಿಯಬೇಕು. ಇಳಿಯದಿದ್ದರೆ ಇನ್ನಷ್ಟು ಮರಳು ಬೆರೆಸಿ.

ಬೀಜದ ಮೇಲೆ ಮಣ್ಣು ಮುಚ್ಚಬೇಡಿ. ಇದು ಮೊಳೆಯಲು ಬೆಳಕು ಬೇಕು. ಒದ್ದೆ ಮಣ್ಣಿನ ಮೇಲೆ ಉದುರಿಸಿ, ಬೆರಳಲ್ಲಿ ಮೆತ್ತಗೆ ಒತ್ತಿ. ನೀರನ್ನು ಸುರಿಯದೆ ಸ್ಪ್ರೇ ಮಾಡಿ. ಎರಡರಿಂದ ನಾಲ್ಕು ವಾರದಲ್ಲಿ ಮೊಳಕೆ ಕಾಣುತ್ತದೆ. ಟ್ರೇಯಲ್ಲಿ ಬಿತ್ತಿ ಆಮೇಲೆ ಕೀಳುವುದಕ್ಕಿಂತ ಕಾಯಂ ಕುಂಡದಲ್ಲೇ ಬಿತ್ತಿ, ಒತ್ತಾದ ಸಸಿ ತೆಗೆಯುವುದು ಒಳ್ಳೆಯದು. ಬೇರು ಮುರಿದರೆ ಗಿಡ ಮುನಿಸಿಕೊಳ್ಳುತ್ತದೆ. ದೊಡ್ಡದಾದ ಮೇಲೆ ಕಿತ್ತು ಭಾಗ ಮಾಡುವ ಯೋಚನೆಯೂ ಬೇಡ.

ಬಿಸಿಲು, ನೀರು, ಹುಳ

ಬೆಳಗಿನ ಬಿಸಿಲು ಇರಲಿ. ಮಾರ್ಚ್ ಬಂದರೆ ಮಧ್ಯಾಹ್ನಕ್ಕೆ ನೆರಳು ಕೊಡಿ. ಬೆರಳು ಒಂದು ಇಂಚು ತೂರಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು. ಯೂರಿಯಾ ಹಾಕಬೇಡಿ, ಕಾಂಡ ಸುಮ್ನೆ ಉದ್ದ ಬೆಳೆದು ಬಗ್ಗುತ್ತದೆ. ಮಳೆಗಾಲದಲ್ಲಿ ಎಳೆ ಚಿಗುರಿಗೆ ಬಸವನಹುಳದ ಕಾಟ. ರಾತ್ರಿ ಟಾರ್ಚ್ ಹಿಡಿದು ಆರಿಸುವುದಕ್ಕಿಂತ ಒಳ್ಳೆಯ ಔಷಧಿ ಇಲ್ಲ.

ಬಾಡಿದ ಹೂವನ್ನಷ್ಟೇ ಚಿವುಟಿ, ಕಾಂಡ ಬಿಡಿ. ಅದೇ ಕಾಂಡದಲ್ಲಿ ಪಕ್ಕದ ಮೊಗ್ಗುಗಳಿರುತ್ತವೆ. ಕತ್ತರಿಸಿದರೆ ಹಾಲು ಸುರಿಯುತ್ತದೆ. ಹೂದಾನಿಗೆ ಇಡುವುದಾದರೆ ಕಾಂಡದ ತುದಿಯನ್ನು ಬಿಸಿನೀರಲ್ಲಿ ಅದ್ದಿ, ಹಾಲು ನಿಲ್ಲುತ್ತದೆ.

ಗಿಡ ಮಲಗಿದಾಗ

ಹೆಚ್ಚಿನವರು ಗಿಡ ಕಳೆದುಕೊಳ್ಳುವುದು ಇಲ್ಲೇ. ಎಲೆ ಹಳದಿಯಾಗಿ ಕಾಂಡ ಒಣಗಿದರೆ ಸತ್ತಿತು ಅಂತ ಕುಂಡ ಖಾಲಿ ಮಾಡಿಬಿಡುತ್ತಾರೆ. ಇಲ್ಲವೇ ಪಾಪ ಅಂತ ದಿನಾ ನೀರು ಹೊಯ್ದು ಕೊಳೆಸುತ್ತಾರೆ. ಎರಡೂ ಬೇಡ. ಕಾಂಡವನ್ನು ಎರಡು ಇಂಚು ಉಳಿಸಿ ಕತ್ತರಿಸಿ, ಹೆಸರು ಬರೆದ ಕಡ್ಡಿ ಸಿಕ್ಕಿಸಿ. ಮನೆಯಲ್ಲಿ ಅತಿ ತಂಪಾದ, ಮಳೆ ಬೀಳದ ಮೂಲೆಗೆ ಸರಿಸಿ. ಮಣ್ಣು ಪೂರ್ತಿ ಒಣಗದಷ್ಟು, ವಾರಕ್ಕೊಮ್ಮೆ ಒಂದಿಷ್ಟು ನೀರು ಚಿಮುಕಿಸಿ. ಅನುಮಾನ ಬಂದರೆ ಮೇಲಿನ ಮಣ್ಣು ಸ್ವಲ್ಪ ಸರಿಸಿ ಬೇರು ಮುಟ್ಟಿ ನೋಡಿ. ಗಟ್ಟಿ ಇದ್ದರೆ ಜೀವ ಇದೆ, ಮೆತ್ತಗಾಗಿ ವಾಸನೆ ಬಂದರೆ ಮುಗಿಯಿತು.

ಕೊರಿಯಾದವರು ಈ ಬೇರನ್ನು ಉಪ್ಪಿನಲ್ಲಿ ಉಜ್ಜಿ ಕಹಿ ತೆಗೆದು ಪಲ್ಯ ಮಾಡುತ್ತಾರೆ, ಹೆಸರು ದೋರಾಜಿ. ನಿಮ್ಮ ಒಂದು ಕುಂಡದ ಬೇರಿಗೆ ಆ ಆಸೆ ಬೇಡ.

ಬೇರು ಉಳಿಯದೆ ಹೋದರೂ ಗಿಡ ಕೈಬಿಡದಂತೆ ಕೊನೆಯ ನಾಲ್ಕಾರು ಹೂಗಳನ್ನು ಚಿವುಟದೆ ಬಿಡಿ. ಕಾಯಿ ಕಂದು ಬಣ್ಣಕ್ಕೆ ತಿರುಗಿ ತುದಿಯಲ್ಲಿ ಬಾಯಿ ಬಿಟ್ಟಾಗ ಕೊಯ್ದು, ಸಣ್ಣ ಕಪ್ಪು ಬೀಜಗಳನ್ನು ಕಾಗದದ ಕವರಿಗೆ ಹಾಕಿ ದಿನಾಂಕ ಬರೆಯಿರಿ. ಹಳತಾದಷ್ಟೂ ಮೊಳಕೆ ಕಡಿಮೆ, ಬರುವ ನವೆಂಬರಿನಲ್ಲೇ ಬಿತ್ತಿಬಿಡಿ.