ಗುರಾಣಿಯೂ ಮರೆಯೂ: ಕಾಳಗದ ಲೆಕ್ಕ ಹಾಕುವ ಬಗೆ

ಮಾಟುಂಗದ ನಮ್ಮ ಮನೆಯ ಊಟದ ಮೇಜಿನ ಮೇಲೆ ಭಾನುವಾರ ಮಧ್ಯಾಹ್ನ ಚೌಕುಳಿ ಕಾಗದ ಹರಡಿ, ಕ್ಯಾರಂ ಕಾಯಿಗಳನ್ನೇ ಪಾತ್ರಗಳನ್ನಾಗಿಟ್ಟು ಆಡುವಾಗ, ಹೊಸಬರ ವಾದ ಹೆಚ್ಚಾಗಿ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: ಕೈಯಲ್ಲಿ ಗುರಾಣಿಯಿದೆ, ಎದುರಿಗೆ ಕಂಬದ ಮರೆಯೂ ಇದೆ, ಎರಡನ್ನೂ ಕೂಡಿಸಬಹುದೇ? ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್ ಎಂಬ, ಪಾತ್ರ ವಹಿಸಿ ದಾಳ ಎಸೆದು ಆಡುವ ಕಥೆಯಾಟದ ಐದನೆಯ ಆವೃತ್ತಿಯ 2014ರ ನಿಯಮಗಳ ಪ್ರಕಾರ ಖಂಡಿತ ಕೂಡಿಸಬಹುದು. ಗುರಾಣಿ ನೀವು ಹೊತ್ತು ತಿರುಗುವ ವಸ್ತು; ಮರೆಯಾದರೋ ನೀವು ನಿಂತ ಜಾಗಕ್ಕೂ ಹೊಡೆಯುವವನು ನಿಂತ ಜಾಗಕ್ಕೂ ನಡುವಿನ ವಿಚಾರ.

ಗುರಾಣಿಯ ಲೆಕ್ಕ ಸರಳ. ಅದು ಆರ್ಮರ್ ಕ್ಲಾಸ್‌ಗೆ, ಅಂದರೆ ಏಟು ತಗುಲಬೇಕಾದರೆ ಹೊಡೆಯುವವನ ದಾಳದ ಮೊತ್ತ ಮುಟ್ಟಬೇಕಾದ ಅಂಕವಾದ ಎಸಿಗೆ, 2 ಸೇರಿಸುತ್ತದೆ. (ಮುಂಬೈ ಸೆಖೆಯಲ್ಲಿ ಈ ಮಾತು ಕೇಳಿದ ಹೊಸಬರು ಮೊದಲು ಗೋಡೆಯ ಕಡೆ ನೋಡುತ್ತಾರೆ.) ಅದನ್ನು ತೊಡಲು ಒಂದು ಪೂರ್ತಿ ಆ್ಯಕ್ಷನ್ (ಸರದಿಯಲ್ಲಿ ಮಾಡುವ ಮುಖ್ಯ ಕೆಲಸ), ಕಳಚಲು ಇನ್ನೊಂದು ಬೇಕು, ಒಂದು ಕೈ ಅದಕ್ಕೇ ಮೀಸಲಾಗುವುದರಿಂದ ಎರಡು ಕೈ ಬೇಡುವ ಬಿಲ್ಲನ್ನು ಜೊತೆಗೆ ಬಳಸಲಾಗದು. ಎರಡು ಗುರಾಣಿ ಹಿಡಿದರೂ ಸಿಗುವುದು ಒಂದರ ಲಾಭವೇ.

ಮರೆಯಲ್ಲಿ ಮೂರು ದರ್ಜೆಗಳಿವೆ. ಮೋಟುಗೋಡೆ, ಮೇಜು, ಅಥವಾ ನಡುವೆ ನಿಂತ ಇನ್ನೊಂದು ಜೀವಿ ಅರ್ಧ ಮರೆಯಾಗಿ ಎಸಿಗೆ 2 ಅಂಕ ಕೊಡುತ್ತದೆ. ಆ ಜೀವಿ ಶತ್ರುವೋ ಮಿತ್ರನೋ ಎಂಬುದು ಇಲ್ಲಿ ಲೆಕ್ಕಕ್ಕಿಲ್ಲ, ಮತ್ತು ನಮ್ಮ ಗುಂಪಿನಲ್ಲಿ ಅತಿ ಹೆಚ್ಚು ಮರೆತುಹೋಗುವ ನಿಯಮ ಇದೇ. ಬಾಣ ಬಿಡುವ ಕಿಂಡಿಯೋ ದಪ್ಪ ಮರದ ಬೊಡ್ಡೆಯೋ ಮುಕ್ಕಾಲು ಮರೆಯಾಗಿ 5 ಅಂಕ ಕೊಡುತ್ತದೆ. ಪೂರ್ಣ ಮರೆಯಲ್ಲಿದ್ದವನ ಮೇಲೆ ನೇರವಾಗಿ ಗುರಿಯಿಡುವಂತೆಯೇ ಇಲ್ಲ. ಮೋಟುಗೋಡೆಯೂ ಮರವೂ ಒಟ್ಟಿಗೆ ಅಡ್ಡ ಬಂದರೆ ಮರೆಗಳನ್ನು ಒಂದಕ್ಕೊಂದು ಕೂಡಿಸದೆ, ದೊಡ್ಡದನ್ನು ಮಾತ್ರ ಹಿಡಿಯಬೇಕು.

ಮರೆ ಯಾರಿಂದ ಎಂಬುದನ್ನು ಪ್ರತಿ ಏಟಿಗೂ ಹೊಸದಾಗಿ ಕೇಳಿಕೊಳ್ಳಬೇಕು. ದಾದರ್ ಪ್ಲಾಟ್‌ಫಾರಂನಲ್ಲಿ ಕಂಬಕ್ಕೆ ಆತು ನಿಂತವನು ಒಂದು ಕಡೆಯವರಿಗೆ ಕಾಣದಿದ್ದರೂ ಇನ್ನೊಂದು ಕಡೆಯವರಿಗೆ ಪೂರ್ತಿ ಕಾಣುತ್ತಾನಲ್ಲವೇ, ಹಾಗೆ. ಚೌಕುಳಿ ಕಾಗದದ ಮೇಲಾದರೆ, ಹೊಡೆಯುವವನ ಚೌಕದ ಒಂದು ಮೂಲೆಯನ್ನು ಆರಿಸಿ, ಅಲ್ಲಿಂದ ಗುರಿಯ ಚೌಕದ ನಾಲ್ಕು ಮೂಲೆಗಳಿಗೂ ಗೆರೆ ಎಳೆದಂತೆ ಊಹಿಸಿಕೊಳ್ಳಿ. ಒಂದೆರಡು ಗೆರೆಗಳಿಗೆ ಅಡ್ಡಿಯಿದ್ದರೆ ಅರ್ಧ ಮರೆ. ಮೂರು ಅಥವಾ ನಾಲ್ಕಕ್ಕೆ ಅಡ್ಡಿಯಿದ್ದೂ ಏಟು ತಲುಪುವಂತಿದ್ದರೆ ಮುಕ್ಕಾಲು. ನಾವು ಊಹೆಗೆ ಬಿಡದೆ ಹೊಲಿಗೆ ಪೆಟ್ಟಿಗೆಯ ದಾರವನ್ನೇ ಎಳೆದು ನೋಡುತ್ತೇವೆ. ವಾದ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ.

ಈ ಅಂಕಗಳ ತೂಕ ತಿಳಿಯಲು ಒಂದು ಉದಾಹರಣೆ ಸಾಕು. ಚೈನ್‌ಮೇಲ್ (ಲೋಹದ ಬಳೆಗಳ ಕವಚ) ತೊಟ್ಟ ಯೋಧನ ಎಸಿ 16. ಗಾಬ್ಲಿನ್ ಎಂಬ ಪುಟ್ಟ ದುಷ್ಟಜೀವಿ ತನ್ನ ಇಪ್ಪತ್ತು ಮುಖದ ದಾಳಕ್ಕೆ 4 ಸೇರಿಸಿ ಬಾಣ ಬಿಡುತ್ತದೆ. ಅದಕ್ಕೆ 12 ಅಥವಾ ಹೆಚ್ಚು ಬೀಳಬೇಕು, ಅಂದರೆ ಏಟು ತಗುಲುವ ಸಾಧ್ಯತೆ ಶೇ. 45. ಯೋಧ ಗುರಾಣಿ ಹಿಡಿದರೆ ಅದು ಶೇ. 35ಕ್ಕೂ, ಗುರಾಣಿಯೊಡನೆ ಮೋಟುಗೋಡೆಯ ಹಿಂದೆ ಸರಿದರೆ ಶೇ. 25ಕ್ಕೂ ಇಳಿಯುತ್ತದೆ. ಗೋಡೆಯ ಬದಲು ಕಿಂಡಿ ಸಿಕ್ಕರೆ ಎಸಿ 23 ಆಗಿ, 19 ಮತ್ತು 20 ಮಾತ್ರ ತಗುಲುತ್ತವೆ: ಶೇ. 10.

ಬೆಂಕಿಯುಂಡೆಯಂತಹ ಮಂತ್ರಗಳೆದುರು ಗುರಾಣಿ, ಮರೆ ಇವೆರಡರ ದಾರಿ ಬೇರೆಯಾಗುತ್ತದೆ. ಮರೆಯ 2 ಅಥವಾ 5 ಅಂಕ ಡೆಕ್ಸ್‌ಟೆರಿಟಿ ಸೇವಿಂಗ್ ಥ್ರೋಗೂ (ಚುರುಕಾಗಿ ಸರಿದು ಅಪಾಯ ತಪ್ಪಿಸಿಕೊಳ್ಳಲು ಎಸೆಯುವ ದಾಳಕ್ಕೂ) ಸೇರುತ್ತದೆ. ಗುರಾಣಿಯ 2 ಸೇರುವುದಿಲ್ಲ. ಆದರೆ ಆ ಮರೆಯನ್ನು ಮಾಂತ್ರಿಕ ನಿಂತಲ್ಲಿಂದಲ್ಲ, ಉಂಡೆ ಸಿಡಿದ ಬಿಂದುವಿನಿಂದ ಅಳೆಯಬೇಕು. ಅದು ನಿಮ್ಮ ಬೆನ್ನ ಹಿಂದೆ ಸಿಡಿದರೆ ಎದುರಿನ ಗೋಡೆ ಇದ್ದೂ ಇಲ್ಲದಂತೆ.

ಪಾಥ್‌ಫೈಂಡರ್ ಎಂಬ ಇದೇ ಬಗೆಯ ಇನ್ನೊಂದು ಆಟದ ಎರಡನೆಯ ಆವೃತ್ತಿಗೆ ಹೋಗುವವರು ಈ ಕೂಡಿಸುವ ಅಭ್ಯಾಸವನ್ನು ಬಿಡಬೇಕು. ಅಲ್ಲಿ ಗುರಾಣಿಯನ್ನು ಎತ್ತಲು ಸರದಿಯ ಮೂರು ಆ್ಯಕ್ಷನ್‌ಗಳಲ್ಲಿ ಒಂದನ್ನು ವ್ಯಯಿಸಬೇಕು, ಮುಂದಿನ ಸರದಿಯಲ್ಲಿ ಮತ್ತೆ ಎತ್ತಬೇಕು. ಎತ್ತಿದ ಉಕ್ಕಿನ ಗುರಾಣಿಯ 2 ಅಂಕ, ಸಾಧಾರಣ ಮರೆಯ 2 ಅಂಕ, ಎರಡೂ ಒಂದೇ ಜಾತಿಯ ಬೋನಸ್ ಆದ್ದರಿಂದ ಒಟ್ಟು 2 ಮಾತ್ರ.