ಅಂತರ್ಜಾಲದಲ್ಲಿ ಜೊತೆಗೂಡಿ ಮೋರ್ಸ್ ಕಲಿತ ಬಗೆ

ಡಾಟ್ ಎಂಬ ಗಿಡ್ಡ ಸದ್ದು, ಡ್ಯಾಶ್ ಎಂಬ ಉದ್ದ ಸದ್ದುಗಳಿಂದ ಅಕ್ಷರಗಳನ್ನು ಕಳುಹಿಸುವ ಮೋರ್ಸ್ ಸಂಕೇತವನ್ನು ಒಬ್ಬರೇ ಕುಳಿತು ಕಲಿಯಲು ಇಂದು ಸಾಧನಗಳ ಕೊರತೆಯಿಲ್ಲ. ಆದರೆ ಹಾಗೆ ಕಲಿತದ್ದು ಅಕ್ಷರಗಳನ್ನು ಗುರುತಿಸುವ ಮಟ್ಟಕ್ಕೆ ನಿಂತುಬಿಡುತ್ತದೆ. ಎದುರಿಗೊಬ್ಬರು ಕೇಳಿಸಿಕೊಳ್ಳುತ್ತಿದ್ದಾರೆಂಬ ಎಚ್ಚರದಿಂದ ಕೀ (ಮೋರ್ಸ್ ಕಳುಹಿಸುವ ಒತ್ತುಸಾಧನ) ಒತ್ತುವುದು, ಅವರ ಕೈಯ ಲಯಕ್ಕೆ ನಮ್ಮ ಕಿವಿಯನ್ನು ಒಗ್ಗಿಸಿಕೊಳ್ಳುವುದು, ಕೈತಪ್ಪಿದ ಪದವನ್ನು ಮತ್ತೊಮ್ಮೆ ಕೇಳಿ ಪಡೆಯುವುದು, ಇವೆಲ್ಲ ಇನ್ನೊಬ್ಬರ ಜೊತೆಯಲ್ಲಿ ಮಾತ್ರ ಕೈಗೂಡುವ ವಿದ್ಯೆ. ದಾವಣಗೆರೆಯಲ್ಲಿರುವ ನನಗೆ ಆ ಜೊತೆ ಸಿಕ್ಕಿದ್ದು ಅಂತರ್ಜಾಲದಲ್ಲಿ. ಹರಿಹರದ ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ, ಚಿತ್ರದುರ್ಗದ ಒಬ್ಬ ಪ್ರೌಢಶಾಲಾ ಶಿಕ್ಷಕಿ, ಹಿರಿಯೂರಿನಲ್ಲಿ ನೆಲೆಸಿರುವ ತಂತಿ ಇಲಾಖೆಯ ಒಬ್ಬ ನಿವೃತ್ತ ನೌಕರರು ಮತ್ತು ನಾನು, ಹೀಗೆ ನಾಲ್ವರು ರಾತ್ರಿ ಊಟದ ನಂತರ ಒಂದೇ ಚಾನೆಲ್ಲಿನಲ್ಲಿ ಸೇರುತ್ತೇವೆ. ಕಲಿಯಬೇಕೆಂದಿರುವವರಿಗೆ ಉಪಯೋಗವಾದೀತೆಂದು ನಮ್ಮ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ.

ಅಂತರ್ಜಾಲವನ್ನೇ ಆರಿಸಿಕೊಂಡದ್ದಕ್ಕೆ ಒಂದು ಗಟ್ಟಿಯಾದ ಕಾರಣವಿದೆ. ನಮ್ಮ ದೇಶದಲ್ಲಿ ಹವ್ಯಾಸಿ ರೇಡಿಯೊ ಪ್ರಸಾರಕ್ಕೆ ಪರವಾನಗಿ ಬೇಕು. ನಾನು ಪರೀಕ್ಷೆಗೆ ಕುಳಿತಾಗ ಜನರಲ್ ದರ್ಜೆಯ ಪರವಾನಗಿಗೆ ನಿಮಿಷಕ್ಕೆ 8 ಪದಗಳ ವೇಗದಲ್ಲಿ ಮೋರ್ಸ್ ಕಳುಹಿಸಿ ತೋರಿಸಬೇಕಿತ್ತು, ಅದೇ ವೇಗದಲ್ಲಿ ಕೇಳಿ ಬರೆದುಕೊಳ್ಳಲೂ ಬೇಕಿತ್ತು. ಐದು ಅಕ್ಷರಕ್ಕೆ ಒಂದು ಪದವೆಂಬ ಲೆಕ್ಕದಲ್ಲಿ ಐದು ನಿಮಿಷಕ್ಕೆ 200 ಅಕ್ಷರಗಳಾಗುತ್ತವೆ. ಪರವಾನಗಿಗೆ ಅಭ್ಯಾಸ ಬೇಕು, ಆದರೆ ಪರವಾನಗಿ ಇಲ್ಲದೆ ಆಕಾಶಕ್ಕೆ ಒಂದು ಡಾಟ್ ಕೂಡ ಬಿಡುವಂತಿಲ್ಲ. ಅಂತರ್ಜಾಲದಲ್ಲಿ ಆಂಟೆನಾದಿಂದ ಯಾವ ಅಲೆಯೂ ಹೊರಡುವುದಿಲ್ಲವಾದ್ದರಿಂದ, ಕಲಿಯಬೇಕೆಂದು ಮನಸ್ಸು ಮಾಡಿದ ದಿನವೇ ಇನ್ನೊಬ್ಬರೊಡನೆ ಅಭ್ಯಾಸ ಆರಂಭಿಸಬಹುದು. 2003ರ ವಿಶ್ವ ರೇಡಿಯೊ ಸಮ್ಮೇಳನದ ನಂತರ ಮೋರ್ಸ್ ಪರೀಕ್ಷೆ ಇರಬೇಕೋ ಬೇಡವೋ ಎಂಬುದನ್ನು ಆಯಾ ದೇಶಗಳಿಗೇ ಬಿಡಲಾಯಿತು, ಹಲವು ದೇಶಗಳು ಅದನ್ನು ಕೈಬಿಟ್ಟವು. ಆದರೂ ಈ ವಿದ್ಯೆ ಉಳಿದಿರುವುದು ಹೀಗೆ ಪರಸ್ಪರ ಕಲಿಸುವ ಜನರಿಂದಲೇ ಎಂದು ನಾನು ನಂಬಿದ್ದೇನೆ.

ಅಕ್ಷರಗಳ ಪರಿಚಯಕ್ಕೆ ನಾವೆಲ್ಲರೂ ಎಲ್‌ಸಿಡಬ್ಲ್ಯುಓ ಎಂಬ ಉಚಿತ ತಾಣವನ್ನು ಬಳಸಿದೆವು. ಅದು ಅನುಸರಿಸುವುದು 1930ರ ದಶಕದಲ್ಲಿ ಜರ್ಮನಿಯ ಮನೋವಿಜ್ಞಾನಿ ಲುಡ್‌ವಿಗ್ ಕಾಖ್ ರೂಪಿಸಿದ ಪದ್ಧತಿಯನ್ನು. ಮೊದಲು ಕೆ ಮತ್ತು ಎಂ ಎಂಬ ಎರಡೇ ಅಕ್ಷರಗಳನ್ನು ಪೂರ್ಣ ವೇಗದಲ್ಲಿ ಕೇಳಬೇಕು, ನೂರಕ್ಕೆ ತೊಂಬತ್ತು ಸರಿಯಾದ ಮೇಲೆ ಮೂರನೆಯದನ್ನು ಸೇರಿಸಿಕೊಳ್ಳಬೇಕು. ಡಾಟ್ ಎಷ್ಟು, ಡ್ಯಾಶ್ ಎಷ್ಟು ಎಂದು ಎಣಿಸಲು ಪುರುಸೊತ್ತಿಲ್ಲದಂತೆ ಅಕ್ಷರವನ್ನು ಒಂದೇ ಧ್ವನಿಯಾಗಿ ಕೇಳಿಸುವುದು ಇದರ ತಿರುಳು. ಕೆ ಎಂದರೆ 'ಡಾ-ಡಿ-ಡಾ' ಎಂದು ಇಡಿಯಾಗಿ ಕಿವಿಗೆ ಬೀಳಬೇಕು. ಕಾಗದದ ಮೇಲೆ ಚುಕ್ಕಿ-ಗೆರೆಗಳ ಪಟ್ಟಿ ಬರೆದುಕೊಂಡು ಬಾಯಿಪಾಠ ಮಾಡುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ, ಏಕೆಂದರೆ ಆಗ ಕಿವಿಗೆ ಬಿದ್ದದ್ದು ಮೊದಲು ಕಣ್ಣಿನ ಪಟ್ಟಿಗೆ ಹೋಗಿ ಆಮೇಲೆ ಕೈಗೆ ಬರಬೇಕಾಗುತ್ತದೆ, ಅಷ್ಟರಲ್ಲಿ ಮುಂದಿನ ಎರಡು ಅಕ್ಷರಗಳು ದಾಟಿ ಹೋಗಿರುತ್ತವೆ.

ಇನ್ನು ಜೊತೆ ಅಭ್ಯಾಸದ ಏರ್ಪಾಡು. ವಿಡಿಯೊ ಕರೆಯಲ್ಲಿ ಮೋರ್ಸ್ ಧ್ವನಿ ಕೇಳಿಸಿದರೆ ಸಾಕಲ್ಲವೇ ಎಂದು ಹಲವರು ಕೇಳುತ್ತಾರೆ. ಆಗುತ್ತದೆ, ಆದರೆ ತೊಡಕುಂಟು. ಝೂಮ್‌ನಂಥ ತಂತ್ರಾಂಶಗಳು ಮನುಷ್ಯನ ಮಾತನ್ನು ಉಳಿಸಿಕೊಂಡು ಫ್ಯಾನಿನ ಸದ್ದಿನಂಥ ಏಕತಾನದ ಧ್ವನಿಯನ್ನು ಅಳಿಸಿಹಾಕುವಂತೆ ರೂಪುಗೊಂಡಿವೆ. ಮೋರ್ಸ್ ಧ್ವನಿ ಅವುಗಳ ಪಾಲಿಗೆ ಗದ್ದಲವೇ. ಹಾಗಾಗಿ ಡ್ಯಾಶ್‌ಗಳ ಬಾಲ ಕತ್ತರಿಸಿ ಹೋಗುತ್ತದೆ, ಕೆಲವೊಮ್ಮೆ ಇಡೀ ಅಕ್ಷರವೇ ಮಾಯವಾಗುತ್ತದೆ. 'ಮೂಲ ಧ್ವನಿ' ಎಂಬ ಆಯ್ಕೆಯನ್ನು ಚಾಲೂ ಮಾಡಿಕೊಂಡರೆ ಝೂಮ್ ತಕ್ಕಮಟ್ಟಿಗೆ ಸರಿಹೋಗುತ್ತದೆ. ಮಾತನಾಡಿ ವಿವರಿಸಬೇಕಾದ ಪಾಠಕ್ಕೆ ಇದು ಒಳ್ಳೆಯದು, ಸಂಭಾಷಣೆಯ ಅಭ್ಯಾಸಕ್ಕೆ ಮಾತ್ರ ಇದಕ್ಕಿಂತ ಉತ್ತಮ ದಾರಿಗಳಿವೆ.

ವಿಬ್ಯಾಂಡ್ ಮತ್ತು ವೇಲ್ ಎಂಬ ಎರಡು ತಾಣಗಳು ಮೋರ್ಸ್ ಅಭ್ಯಾಸಕ್ಕೆಂದೇ ಇವೆ. ನಾವು ಹೆಚ್ಚಾಗಿ ಸೇರುವುದು ವೇಲ್‌ನಲ್ಲಿ. ಅದು ನಮ್ಮ ಧ್ವನಿಯನ್ನು ಕಳುಹಿಸುವುದೇ ಇಲ್ಲ. ಕೀ ಯಾವ ಕ್ಷಣದಲ್ಲಿ ಕೆಳಗೆ ಹೋಯಿತು, ಎಷ್ಟು ಹೊತ್ತು ಒತ್ತಿದ್ದೆವು ಎಂಬ ಕಾಲದ ಅಂಕಿಗಳು ಮಾತ್ರ ಹೊರಡುತ್ತವೆ, ಧ್ವನಿ ಹುಟ್ಟುವುದು ಕೇಳುವವರ ಕಂಪ್ಯೂಟರಿನಲ್ಲಿ. ಅಂತರ್ಜಾಲದಲ್ಲಿ ಮಾಹಿತಿಯ ಒಂದು ಪೊಟ್ಟಣ ಬೇಗ ಬಂದರೆ ಇನ್ನೊಂದು ತಡವಾಗಿ ಬರುತ್ತದೆ. ನಿಮಿಷಕ್ಕೆ 10 ಪದಗಳ ವೇಗದಲ್ಲಿ ಒಂದು ಡಾಟ್ 120 ಮಿಲಿಸೆಕೆಂಡ್ ಇರುತ್ತದೆಯಾದ್ದರಿಂದ, ಮೊಬೈಲ್ ಡೇಟಾದಲ್ಲಿ ಸಹಜವಾಗಿ ಆಗುವ ಅಷ್ಟೇ ಏರುಪೇರು ಕೂಡ ಎರಡು ಅಕ್ಷರಗಳನ್ನು ಒಂದಾಗಿಸಬಲ್ಲದು. ಇದನ್ನು ತಪ್ಪಿಸಲು ಬಂದ ಅಂಕಿಗಳನ್ನು ನಿಗದಿತ ಅವಧಿ ತಡೆದಿಟ್ಟುಕೊಂಡು ಆಮೇಲೆ ಕ್ರಮವಾಗಿ ನುಡಿಸಲಾಗುತ್ತದೆ. ಈ ತಡೆಯ ಅವಧಿಯನ್ನು ನಾವೇ ಹೊಂದಿಸಿಕೊಳ್ಳಬಹುದು. ನೆಟ್‌ವರ್ಕ್ ದುರ್ಬಲವಾದ ದಿನ ಅದನ್ನು ಒಂದೆರಡು ಸೆಕೆಂಡಿಗೆ ಹೆಚ್ಚಿಸಿದರೆ ಅಕ್ಷರಗಳು ಕಡೆದಿಟ್ಟಂತೆ ಸ್ಪಷ್ಟವಾಗಿ ಬರುತ್ತವೆ. ಉತ್ತರ ಬರುವುದು ಅಷ್ಟೇ ತಡವಾಗುತ್ತದೆ, ಹಾಗಾಗಿ ತನ್ನ ಮಾತು ಮುಗಿಯಿತೆಂದು 'ಕೆ' ಕಳುಹಿಸುವ ತನಕ ಇನ್ನೊಬ್ಬರು ಕೀ ಮುಟ್ಟಬಾರದೆಂಬ ನಿಯಮ ನಮ್ಮಲ್ಲಿ ಕಟ್ಟುನಿಟ್ಟಾಗಿದೆ.

ನಮ್ಮದೇ ಕೈಯ ಸದ್ದು ಮಾತ್ರ ತಡವಾಗಿ ಕೇಳಿಸಕೂಡದು. ಬ್ಲೂಟೂತ್ ಹೆಡ್‌ಫೋನ್ ಹಾಕಿಕೊಂಡರೆ ಕೀ ಒತ್ತಿದ್ದಕ್ಕೂ ಸದ್ದು ಕೇಳಿಸುವುದಕ್ಕೂ ನಡುವೆ ನೂರಾರು ಮಿಲಿಸೆಕೆಂಡುಗಳ ಅಂತರ ಬೀಳುತ್ತದೆ. ಡಾಟ್ ಒತ್ತಿ ಬಿಟ್ಟ ಮೇಲೆ ಅದು ಕೇಳಿಸಿದರೆ ಕೈ ಗಲಿಬಿಲಿಗೊಳ್ಳುತ್ತದೆ. ವೈರ್ ಇರುವ ಸಾಧಾರಣ ಇಯರ್‌ಫೋನ್ ಸಾಕು, ಅದೇ ಸರಿಯಾದದ್ದು.

ಕೀಯನ್ನು ಕಂಪ್ಯೂಟರಿಗೆ ಜೋಡಿಸುವ ಕೆಲಸವನ್ನು ನಾನು ಹಳೆಯ ಯುಎಸ್‌ಬಿ ಮೌಸ್ ಒಂದರಿಂದ ಮಾಡಿದೆ. ಮೌಸಿನ ತಳದ ಸ್ಕ್ರೂ ಬಿಚ್ಚಿದರೆ ಎಡಗುಂಡಿಯ ಕೆಳಗೆ ಮೂರು ಕಾಲುಗಳ ಪುಟ್ಟ ಕಪ್ಪು ಸ್ವಿಚ್ ಕಾಣುತ್ತದೆ. ಗುಂಡಿ ಒತ್ತಿದಾಗ ಯಾವ ಎರಡು ಕಾಲುಗಳು ಒಂದನ್ನೊಂದು ಕೂಡುತ್ತವೆ ಎಂಬುದನ್ನು ಮಲ್ಟಿಮೀಟರಿನ ಬೀಪ್ ಸದ್ದಿನಿಂದ ಗುರುತಿಸಿಕೊಂಡು, ಆ ಎರಡಕ್ಕೆ ಸಣ್ಣ ವೈರುಗಳನ್ನು ಬೆಸೆದು, ಮೌಸಿನ ಪಕ್ಕದಲ್ಲಿ ಕೊರೆದ ರಂಧ್ರದಿಂದ ಹೊರತಂದು ಇಯರ್‌ಫೋನಿನ ಸಾಕೆಟ್ ಒಂದಕ್ಕೆ ಸೇರಿಸಿದೆ. ಕೀಯ ಪಿನ್ನನ್ನು ಅದಕ್ಕೆ ಚುಚ್ಚಿದರೆ ಕೀ ಒತ್ತಿದಾಗಲೆಲ್ಲ ಕಂಪ್ಯೂಟರಿಗೆ ಮೌಸ್ ಕ್ಲಿಕ್ ಆದಂತೆ ಅನ್ನಿಸುತ್ತದೆ. ಪರದೆಯ ಮೇಲಿನ ಕೀ ಚಿತ್ರದ ಮೇಲೆ ಬಾಣವನ್ನು ನಿಲ್ಲಿಸಿದರೆ ಕೆಲಸ ಮುಗಿಯಿತು. ಬಾಣ ಜರುಗದಂತೆ ಮೌಸಿನ ಹೊಟ್ಟೆಯಲ್ಲಿರುವ ಬೆಳಕಿನ ಕಣ್ಣಿಗೆ ಕಪ್ಪು ಇನ್ಸುಲೇಷನ್ ಟೇಪ್ ಅಂಟಿಸಬೇಕು. ವಿದ್ಯಾರ್ಥಿ ಮಿತ್ರ ಡಾಟ್‌ಗೊಂದು, ಡ್ಯಾಶ್‌ಗೊಂದು ಎಂದು ಎರಡು ಪಟ್ಟಿಗಳಿರುವ ಪ್ಯಾಡಲ್ ಎಂಬ ಕೀ ಬಳಸುವುದರಿಂದ, ಕೀಬೋರ್ಡಿನಂತೆ ನಡೆದುಕೊಳ್ಳಬಲ್ಲ ಆರ್ಡುಯಿನೊ ಪ್ರೊ ಮೈಕ್ರೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಫಲಕವನ್ನು ಬಳಸಿದ್ದಾನೆ. ಕೀ ಇಲ್ಲದವರು ಕೀಬೋರ್ಡಿನ ಗುಂಡಿಯಿಂದಲೂ ಆರಂಭಿಸಬಹುದು, ಆದರೆ ಕೈಗೆ ಒಳ್ಳೆಯ ರೂಢಿ ಬೀಳುವುದು ಮಣಿಕಟ್ಟಿನಿಂದ ಒತ್ತುವ ನಿಜವಾದ ಕೀಯಲ್ಲೇ.

ಕಳುಹಿಸುವುದರಲ್ಲಿ ನಮಗೆ ಗುರುವಾದವರು ಹಿರಿಯೂರಿನ ಹಿರಿಯರು. ತಂತಿ ಕಚೇರಿಯಲ್ಲಿ ಅವರು ಕೇಳುತ್ತಿದ್ದುದು ಇಂದಿನ ಕೂಗುವ ಧ್ವನಿಯನ್ನಲ್ಲ, ಸೌಂಡರ್ ಯಂತ್ರದ ಟಕ್ ಸದ್ದುಗಳನ್ನು. ಎರಡು ಟಕ್‌ಗಳ ನಡುವಿನ ಅಂತರದಿಂದಲೇ ಡಾಟ್ ಯಾವುದು, ಡ್ಯಾಶ್ ಯಾವುದು ಎಂದು ತಿಳಿಯುತ್ತಿದ್ದ ಕಿವಿ ಅವರದು. 2013ರ ಜುಲೈಯಲ್ಲಿ ದೇಶದ ಟೆಲಿಗ್ರಾಂ ಸೇವೆಯೇ ನಿಂತುಹೋಯಿತು, ಆದರೆ ಅವರ ಕೈಯ ಅಳತೆ ಇಂದಿಗೂ ಕದಲಿಲ್ಲ. ನಿಯಮದಂತೆ ಡ್ಯಾಶ್ ಡಾಟ್‌ನ ಮೂರರಷ್ಟು ಉದ್ದವಿರಬೇಕು. ಒಂದು ಅಕ್ಷರದೊಳಗಿನ ಬಿಡುವು ಒಂದು ಡಾಟ್‌ನಷ್ಟು, ಅಕ್ಷರಗಳ ನಡುವೆ ಮೂರು, ಪದಗಳ ನಡುವೆ ಏಳು. ಒಂದು ರಾತ್ರಿ ವಿದ್ಯಾರ್ಥಿಯ ಸಂದೇಶ ಮುಗಿದ ಮೇಲೆ ಅವರು ಫೋನ್ ಮಾಡಿ, "ತಮ್ಮಾ, ನಿನ್ನ ಡ್ಯಾಶು ಗಿಡ್ಡ ಆಗ್ತಾವು ನೋಡು. ಇನ್ನೂ ಸ್ವಲ್ಪ ಎಳಿ" ಎಂದರು. "ಆಯ್ತು ಸರ್, ಮತ್ತೊಮ್ಮೆ ಕಳಿಸ್ತೀನಿ" ಎಂದು ಅವನು ಅದೇ ಸಾಲನ್ನು ಪುನಃ ಕಳುಹಿಸಿದ. ಈ ಗಿಡ್ಡತನಕ್ಕೆ ನಮ್ಮ ಶಾಲೆಯ ಛಂದಸ್ಸೂ ಕಾರಣವಿದ್ದೀತೆಂದು ನನಗನ್ನಿಸುತ್ತದೆ. ಪದ್ಯಕ್ಕೆ ಪ್ರಸ್ತಾರ ಹಾಕಿ ಬೆಳೆದ ನಮಗೆ ಲಘು ಒಂದು ಮಾತ್ರೆ, ಗುರು ಎರಡು ಮಾತ್ರೆ. ಆ ಎರಡರ ಅಳತೆಯೇ ಕೈಗೆ ಬಂದರೆ ಕೇಳುವವರಿಗೆ ಡಾಟ್ ಮತ್ತು ಡ್ಯಾಶ್ ಸ್ಪಷ್ಟವಾಗಿ ಬೇರೆಯಾಗಿ ತೋರುವುದಿಲ್ಲ. ಮೂರರ ಅಳತೆ ಕುದುರಲು ನಿಮಿಷಕ್ಕೆ 8 ಪದಗಳ ವೇಗದಲ್ಲಿ, ಅಂದರೆ ಡಾಟ್‌ಗೆ 150 ಮಿಲಿಸೆಕೆಂಡ್, ಡ್ಯಾಶ್‌ಗೆ 450 ಮಿಲಿಸೆಕೆಂಡ್ ಲೆಕ್ಕದಲ್ಲಿ ಕಳುಹಿಸುತ್ತ, ಅದನ್ನು ಧ್ವನಿಮುದ್ರಿಸಿ ಮರುದಿನ ಕೇಳುವುದು ಒಳ್ಳೆಯ ಉಪಾಯ. ಮರುದಿನವೇ ಏಕೆಂದರೆ, ಏನು ಕಳುಹಿಸಿದ್ದೆವೆಂಬುದು ಮರೆತಿರುವಾಗ ಕಿವಿ ನಿಷ್ಪಕ್ಷಪಾತವಾಗಿರುತ್ತದೆ.

ವೇಗದ ವಿಷಯದಲ್ಲಿ ನಮ್ಮ ಪದ್ಧತಿ ಸರಳ: ಕೂಟದಲ್ಲಿ ಅತ್ಯಂತ ನಿಧಾನವಾಗಿರುವವರ ವೇಗವೇ ಎಲ್ಲರ ವೇಗ. 'ಕ್ಯೂಆರ್‌ಎಸ್' ಎಂದರೆ ನಿಧಾನವಾಗಿ ಕಳುಹಿಸಿ ಎಂಬ ಕೋರಿಕೆ, ಅದನ್ನು ಕೇಳಲು ಯಾರೂ ಸಂಕೋಚಪಡಬಾರದು. ವೇಗ ತಗ್ಗಿಸುವಾಗಲೂ ಅಕ್ಷರವನ್ನು ಎಳೆದಾಡದೆ ಅಕ್ಷರಗಳ ನಡುವಿನ ಬಿಡುವನ್ನು ಹಿಗ್ಗಿಸುವ ಫಾರ್ನ್ಸ್‌ವರ್ತ್ ಕ್ರಮವನ್ನು ನಾವು ಪಾಲಿಸುತ್ತೇವೆ.

ಅಂಕಿಗಳ ಅಭ್ಯಾಸಕ್ಕೆ ಶಿಕ್ಷಕಿಯವರು ಹೇಳಿಕೊಟ್ಟ ದಾರಿ ನನಗೆ ಬಹಳ ಮೆಚ್ಚುಗೆಯಾಯಿತು. ಮೋರ್ಸ್‌ನಲ್ಲಿ ಪ್ರತಿ ಅಂಕಿಗೂ ಐದು ಚಿಹ್ನೆಗಳು, ಹಾಗಾಗಿ ಕಲಿಯುವವರು ಅಂಕಿಗಳನ್ನು ಮುಂದಕ್ಕೆ ಹಾಕುತ್ತಲೇ ಇರುತ್ತಾರೆ. ಮಳೆಗಾಲದಲ್ಲಿ ನಮ್ಮ ಕಡೆಯವರೆಲ್ಲ ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ನೋಡುವುದು ಜಲಾಶಯದ ಮಟ್ಟವನ್ನು. ದಾವಣಗೆರೆಯ ನಾನು ಭದ್ರೆಯ ಮಟ್ಟ ಮತ್ತು ಒಳಹರಿವನ್ನು ಕಳುಹಿಸುತ್ತೇನೆ, ಹಿರಿಯೂರಿನವರು ವಾಣಿವಿಲಾಸ ಸಾಗರದ್ದನ್ನು. ಭದ್ರೆಯ ಪೂರ್ಣ ಮಟ್ಟ 186 ಅಡಿ, ವಾಣಿವಿಲಾಸದ್ದು 130 ಅಡಿ ಎಂಬುದು ಎಲ್ಲರಿಗೂ ಗೊತ್ತಿರುವುದರಿಂದ ಅಂದಾಜಿಗೆ ಮೀರಿದ ಅಂಕಿ ಬಂದರೆ ತಕ್ಷಣ 'ಮತ್ತೊಮ್ಮೆ' ಎಂದು ಕೇಳಬಹುದು. ಹವ್ಯಾಸಿ ರೇಡಿಯೊ ಸ್ಪರ್ಧೆಗಳಲ್ಲಿ ಒಂಬತ್ತಕ್ಕೆ ಎನ್, ಸೊನ್ನೆಗೆ ಟಿ ಎಂದು ಮೊಟಕುಗೊಳಿಸುವ ರೂಢಿಯಿದೆ. ಕಲಿಯುವ ಹಂತದಲ್ಲಿ ಅದನ್ನು ನಾವು ಬಿಟ್ಟಿದ್ದೇವೆ.

ಹೊರದೇಶದವರ ಜೊತೆಯೂ ಅಭ್ಯಾಸ ಸಾಧ್ಯ. ಮೋರ್ಸ್ ಬಳಸುವ ಹವ್ಯಾಸಿಗಳ ಸಿಡಬ್ಲ್ಯುಆಪ್ಸ್ ಕ್ಲಬ್ಬಿನ ಸಿಡಬ್ಲ್ಯು ಅಕಾಡೆಮಿ ಸ್ವಯಂಸೇವಕರಿಂದ ಉಚಿತವಾಗಿ ಆನ್‌ಲೈನ್ ತರಗತಿ ನಡೆಸುತ್ತದೆ. ಅಮೆರಿಕದ ಪೂರ್ವ ಕರಾವಳಿಯ ರಾತ್ರಿ 8 ಗಂಟೆ ನಮಗೆ ಮರುದಿನ ಬೆಳಿಗ್ಗೆ 6:30, ಅವರು ಬೇಸಿಗೆಯಲ್ಲಿ ಗಡಿಯಾರವನ್ನು ಮುಂದಕ್ಕೆ ಸರಿಸಿದಾಗ 5:30. ಬೆಳಗಿನ ಜಾವ ಏಳುವವರಿಗೆ ಇದು ಅನುಕೂಲವೇ.

ಅಂತರ್ಜಾಲದ ಧ್ವನಿ ಅತಿಯಾಗಿ ಶುಭ್ರವಾಗಿರುವುದು ಒಂದು ಕೊರತೆ. ನಿಜವಾದ ರೇಡಿಯೊ ಬ್ಯಾಂಡಿನಲ್ಲಿ ಗುಡುಗಿನ ಕರಕರ ಸದ್ದು, ಏರಿಳಿಯುವ ಧ್ವನಿ, ಪಕ್ಕದ ಕೇಂದ್ರದ ಹಾವಳಿ ಎಲ್ಲ ಇರುತ್ತವೆ. ಅದಕ್ಕಾಗಿ ವಾರಕ್ಕೊಮ್ಮೆ ರೇಡಿಯೊದ ಗದ್ದಲವನ್ನು ಧ್ವನಿಮುದ್ರಿಸಿ, ಇನ್ನೊಂದು ಫೋನಿನಲ್ಲಿ ನುಡಿಸುತ್ತ ಅದರ ನಡುವೆ ಸಂದೇಶ ಬರೆದುಕೊಳ್ಳುತ್ತೇವೆ.

ಕನ್ನಡದಲ್ಲೇ ಸಂಭಾಷಿಸುವುದು ನಮ್ಮ ಕೂಟದ ವಿಶೇಷ. ರೋಮನ್ ಅಕ್ಷರಗಳಲ್ಲಿ ಕನ್ನಡ ಪದಗಳನ್ನು ಕಳುಹಿಸುತ್ತೇವೆ. ಇಂಗ್ಲಿಷಿನಲ್ಲಿ ಹೆಚ್ಚು ಬಳಕೆಯಾಗುವ ಇ ಮತ್ತು ಟಿ ಅಕ್ಷರಗಳಿಗೆ ಅತಿ ಗಿಡ್ಡ ಸಂಕೇತಗಳಿವೆ, ಕನ್ನಡಕ್ಕೆ ಆ ಸೌಲಭ್ಯವಿಲ್ಲ. ನಮ್ಮ ಪದಗಳಲ್ಲಿ ಎ ಅಕ್ಷರ ಮತ್ತೆ ಮತ್ತೆ ಬರುತ್ತದೆ, ಪದಗಳೂ ಉದ್ದ. ನಿಮಿಷಕ್ಕೆ 10 ಪದಗಳ ವೇಗದಲ್ಲಿ 'ದಾವಣಗೆರೆ' ಎಂಬ ಒಂದೇ ಹೆಸರಿಗೆ ಹತ್ತಿರ ಹತ್ತಿರ ಹತ್ತು ಸೆಕೆಂಡ್ ಬೇಕು, 'ಚಿತ್ರದುರ್ಗ'ಕ್ಕೆ ಹನ್ನೆರಡು. ಆದ್ದರಿಂದ ಊರಿಗೆ ರೈಲು ನಿಲ್ದಾಣದ ಸಂಕೇತವಾದ 'ಡಿವಿಜಿ'ಯನ್ನೇ ಬಳಸುತ್ತೇನೆ, ಅದು ನಾಲ್ಕು ಸೆಕೆಂಡಿನೊಳಗೆ ಮುಗಿಯುತ್ತದೆ. ಆದರೆ ಉದ್ದ ಪದಗಳಿಂದ ಒಂದು ದೊಡ್ಡ ಲಾಭವಾಯಿತು. 'ಅಲ್ಲಿ', 'ಇಂದ', 'ಉತ್ತದೆ' ಎಂಬ ಪ್ರತ್ಯಯಗಳು ದಿನವೂ ಕೇಳಿ ಕೇಳಿ ಇಡಿಯಾದ ಧ್ವನಿರೂಪಗಳಾಗಿ ಕಿವಿಯಲ್ಲಿ ಕುಳಿತವು. 'ಅಲ್ಲಿ'ಯಲ್ಲಿ ಎರಡು ಎಲ್ ಅಕ್ಷರಗಳು ಬೆನ್ನು ಬೆನ್ನಿಗೆ 'ಡಿ-ಡಾ-ಡಿ-ಡಿಟ್, ಡಿ-ಡಾ-ಡಿ-ಡಿಟ್' ಎಂದು ಉರುಳಿ ಬಂದಾಗ ಅದನ್ನು ಅಕ್ಷರ ಅಕ್ಷರವಾಗಿ ಬಿಡಿಸುವ ಅಗತ್ಯವೇ ಇರುವುದಿಲ್ಲ. ಹೀಗೆ ಪ್ರತ್ಯಯ ತಾನಾಗಿ ಗುರುತಾಗುವುದರಿಂದ ಪದದ ಮೊದಲರ್ಧಕ್ಕೆ ಪೂರ್ಣ ಗಮನ ಕೊಡಬಹುದು.

ಈಗ ನಾವು ಪೆನ್ನು ಕೆಳಗಿಟ್ಟು ಮನಸ್ಸಿನಲ್ಲೇ ವಾಕ್ಯ ಹಿಡಿಯುವ ಅಭ್ಯಾಸ ನಡೆಸುತ್ತಿದ್ದೇವೆ. ಎಲ್‌ಸಿಡಬ್ಲ್ಯುಓದಲ್ಲಿ ಪಠ್ಯವನ್ನು ಧ್ವನಿಕಡತವಾಗಿ ಮಾರ್ಪಡಿಸುವ ಸೌಲಭ್ಯವಿರುವುದರಿಂದ, ಸರದಿಯಂತೆ ಒಬ್ಬರು ನಾಲ್ಕು ಸಾಲಿನ ಕನ್ನಡ ಸುದ್ದಿಯನ್ನು ಬರೆದು ಕಡತ ಮಾಡಿ ವಾಟ್ಸಾಪಿನಲ್ಲಿ ಹಂಚುತ್ತಾರೆ, ಉಳಿದವರು ಅದನ್ನು ಕೇಳಿಕೊಂಡು ರಾತ್ರಿ ಚಾನೆಲ್ಲಿಗೆ ಬಂದು ಸುದ್ದಿಯ ಸಾರವನ್ನು ಕೀಯಲ್ಲೇ ಹೇಳಬೇಕು. ಪದದ ಕೊನೆಯನ್ನು ಊಹಿಸಿ ಮುಂದೋಡದೆ ಒಂದು ಅಕ್ಷರ ಹಿಂದೆಯೇ ಉಳಿಯಬೇಕೆಂದು ಹಿರಿಯರು ನೆನಪಿಸುತ್ತಿರುತ್ತಾರೆ. 'ಬರುತ್ತದೆ' ಎಂದುಕೊಂಡದ್ದು ಕೊನೆಯ ಕೆಲವು ಅಕ್ಷರಗಳಲ್ಲಿ 'ಬರುತ್ತಿಲ್ಲ' ಎಂದಾಗಬಹುದಾದ ನಮ್ಮ ಭಾಷೆಯಲ್ಲಿ ಆ ಎಚ್ಚರ ಇಂಗ್ಲಿಷಿಗಿಂತ ಹೆಚ್ಚು ಬೇಕು. ಸದ್ಯಕ್ಕೆ ನಿಮಿಷಕ್ಕೆ 12 ಪದಗಳ ವೇಗದಲ್ಲಿ ಇದನ್ನು ಮಾಡುತ್ತಿದ್ದೇವೆ, ಶಿಕ್ಷಕಿಯವರ ಶಾಲೆಯ ಇಬ್ಬರು ವಿದ್ಯಾರ್ಥಿನಿಯರು ಕೆ ಮತ್ತು ಎಂ ಕಲಿತು ಯು ಅಕ್ಷರಕ್ಕೆ ಬಂದಿರುವುದರಿಂದ ಚಾನೆಲ್ಲಿನ ಮೊದಲ ಕಾಲು ಗಂಟೆಯನ್ನು ಅವರಿಗಾಗಿ ಮೀಸಲಿಟ್ಟಿದ್ದೇವೆ.